ಬಾಟಲಿಯಿಂದ ಚಿಲಕದವರೆಗೆ: ಕೈಯಲ್ಲಿ ಸಾಕಿದ ಕುರಿಯೊಂದಿಗೆ ನನ್ನ ಅನುಭವ

ಹಿಂಡಿನಲ್ಲಿ ತಾಯಿಯ ಹಿಂದೆ ಬೆಳೆದ ಕುರಿ ಹೊಸ ಬಕೆಟ್ ಕಂಡರೆ ಹತ್ತು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತದೆ. ಬಾಟಲಿ ಹಾಲು ಕುಡಿದು ಬೆಳೆದದ್ದು ಅದೇ ಬಕೆಟ್ಟಿಗೆ ತಲೆ ತೂರಿಸಿ, ಹಿಡಿಕೆಯನ್ನು ಕೊರಳಿಗೆ ಹಾಕಿಕೊಂಡು ಅಂಗಳವೆಲ್ಲ ಓಡುತ್ತದೆ. ಬುದ್ಧಿ ಎರಡಕ್ಕೂ ಒಂದೇ. ಎರಡನೆಯದಕ್ಕೆ ಮನುಷ್ಯರ ಭಯವಿಲ್ಲ, ಮನುಷ್ಯರ ಸಾಮಾನುಗಳ ಭಯವೂ ಇಲ್ಲ. ನಾನು ಕಂಡಂತೆ ಈ ತುಂಟತನದ ಮುಕ್ಕಾಲು ಪಾಲು ಮೊದಲ ಎಂಟು ವಾರದಲ್ಲಿ ನಾವೇ ಕಲಿಸಿದ್ದು. ಉಳಿದ ಕಾಲು ಪಾಲಿಗೆ ಒಳ್ಳೆಯ ಚಿಲಕ ಬೇಕು. ಹಾಗಾಗಿ ಬಾಟಲಿಯಿಂದಲೇ ಶುರು ಮಾಡುತ್ತೇನೆ.

ತಬ್ಬಲಿ ಮರಿ ಕೈಗೆ ಬಂದ ಕೂಡಲೇ ನಾನು ಹಾಲು ಬಿಸಿ ಮಾಡಲು ಹೋಗುವುದಿಲ್ಲ. ಮೊದಲು ಗುದದಲ್ಲಿ ಥರ್ಮಾಮೀಟರ್ ಇಟ್ಟು ಮೈಬಿಸಿ ನೋಡುತ್ತೇನೆ. ಆರೋಗ್ಯವಾಗಿರುವ ಮರಿಯದು 39ರಿಂದ 40 ಡಿಗ್ರಿ ಸೆಲ್ಸಿಯಸ್ ಇರುತ್ತದೆ. 37ಕ್ಕಿಂತ ಕೆಳಗಿದ್ದರೆ ಬಾಟಲಿ ಮುಟ್ಟಬಾರದು. ತಣ್ಣಗಾದ ಮರಿಗೆ ಚೀಪಿ ನುಂಗುವ ಶಕ್ತಿ ಇರುವುದಿಲ್ಲ, ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಒಣಬಟ್ಟೆಯಿಂದ ಗಸಗಸ ಒರೆಸಿ, ಬಿಸಿನೀರಿನ ಬಾಟಲಿಗಳಿಗೆ ಬಟ್ಟೆ ಸುತ್ತಿ ಎರಡೂ ಪಕ್ಕಕ್ಕೆ ಇಟ್ಟು ಮೈ ಬೆಚ್ಚಗಾದ ಮೇಲೆಯೇ ಹಾಲು. ಇಲ್ಲೊಂದು ಅಪಾಯವಿದೆ: ಹುಟ್ಟಿ ಐದು ಗಂಟೆ ಕಳೆದೂ ಏನನ್ನೂ ಕುಡಿಯದೆ ತಲೆ ಎತ್ತಲಾರದ ಸ್ಥಿತಿಯಲ್ಲಿರುವ ಮರಿಯನ್ನು ಹಾಗೆಯೇ ಕಾಯಿಸಿದರೆ ರಕ್ತದ ಸಕ್ಕರೆ ಕುಸಿದು ಸೆಳೆತ ಬಂದು ಸಾಯಬಹುದು. ಅದಕ್ಕೆ ಮೊದಲು ಗ್ಲೂಕೋಸ್ ಚುಚ್ಚುಮದ್ದು, ಆಮೇಲೆ ಬಿಸಿ. ಅದು ಪಶುವೈದ್ಯರು ಮಾಡಬೇಕಾದ ಕೆಲಸ. ಹೊಕ್ಕುಳನ್ನು 7 ಶೇಕಡಾ ಟಿಂಚರ್ ಅಯೋಡಿನ್‌ನಲ್ಲಿ ಅದ್ದುವುದನ್ನು ಮಾತ್ರ ಎಲ್ಲ ಮರಿಗೂ ಮೊದಲ ದಿನವೇ ಮುಗಿಸಬೇಕು.

ಮೊದಲ ದಿನದ ಹಾಲು ಎಂದರೆ ಗಿಣ್ಣು ಹಾಲು, ಬೇರೆ ಯಾವುದೂ ಅಲ್ಲ. ಒಂದು ಸಲಕ್ಕೆ ಪ್ರತಿ ಕೆಜಿ ತೂಕಕ್ಕೆ 50 ಮಿಲಿ, 24 ಗಂಟೆಯೊಳಗೆ ಪ್ರತಿ ಕೆಜಿಗೆ 200 ಮಿಲಿ. ನಾಲ್ಕು ಕೆಜಿ ಮರಿಗೆ 200 ಮಿಲಿಯಂತೆ ನಾಲ್ಕು ಸಲ ಎಂದು ಲೆಕ್ಕ. ಮೊದಲ ಕುಡಿತ ಆರು ಗಂಟೆಯೊಳಗೆ ಆಗಿಬಿಡಬೇಕು, ಏಕೆಂದರೆ ರೋಗನಿರೋಧಕ ಅಂಶಗಳನ್ನು ಕರುಳು ಹೀರುವ ದಾರಿ ಗಂಟೆಗಂಟೆಗೂ ಮುಚ್ಚುತ್ತಾ ಬಂದು ಒಂದು ದಿನದಲ್ಲಿ ಪೂರ್ತಿ ಬಂದ್ ಆಗುತ್ತದೆ. ಕುರಿಯ ಗಿಣ್ಣು ಸಿಗದಿದ್ದರೆ ಆರೋಗ್ಯವಂತ ಆಡಿನದು, ಅದೂ ಇಲ್ಲದಿದ್ದರೆ ಹಸುವಿನದು. ಹೆಪ್ಪುಗಟ್ಟಿಸಿ ಇಟ್ಟಿದ್ದರೆ ಬಿಸಿನೀರಿನ ಪಾತ್ರೆಯಲ್ಲಿ ಇಳಿಸಿ ಕರಗಿಸಿ. ನೇರ ಒಲೆಯ ಮೇಲೆ ಅಥವಾ ಮೈಕ್ರೋವೇವ್‌ನಲ್ಲಿ ಇಟ್ಟರೆ ಹಾಲು ಒಡೆದು ಹೋಗುತ್ತದೆ, ಯಾವುದಕ್ಕಾಗಿ ಕುಡಿಸುತ್ತೇವೋ ಅದೇ ಹಾಳಾಗುತ್ತದೆ.

ಎರಡನೇ ದಿನದಿಂದ ಕುರಿಮರಿಗೆಂದೇ ಮಾಡಿದ ಹಾಲಿನ ಪುಡಿ ನನ್ನ ಮೊದಲ ಆಯ್ಕೆ. ಕುರಿಯ ಹಾಲಿನಲ್ಲಿ ಕೊಬ್ಬು ಸುಮಾರು 6ರಿಂದ 7 ಶೇಕಡಾ, ಹಸುವಿನದರಲ್ಲಿ 3.5ರಿಂದ 4. ಬರೀ ಹಸುವಿನ ಹಾಲಿನಲ್ಲಿ ಮರಿ ಬದುಕುತ್ತದೆ, ಆದರೆ ಸೊರಗುತ್ತದೆ. ಆಮೇಲೆ ಹಸಿವಿನಿಂದ ಕಂಡದ್ದನ್ನೆಲ್ಲ ಚೀಪುವ ಚಟ ಹತ್ತಿಸಿಕೊಳ್ಳುತ್ತದೆ. ದಿನದ ಒಟ್ಟು ಹಾಲು ಮೈತೂಕದ 15ರಿಂದ 20 ಶೇಕಡಾ. ಅದನ್ನು ಮೊದಲ ವಾರ ಐದು ಸಲ, ಎರಡು ಮೂರನೇ ವಾರ ನಾಲ್ಕು ಸಲ, ನಾಲ್ಕನೇ ವಾರ ಮೂರು ಸಲ, ಐದನೇ ವಾರದಿಂದ ಎರಡು ಸಲ ಹಂಚಿ ಕೊಡುತ್ತೇನೆ. ವಾರಕ್ಕೆರಡು ಸಲ ತೂಗಿ ಬರೆದಿಡುವುದು ಕಡ್ಡಾಯ. ಕಣ್ಣಂದಾಜಿಗೆ ಉಣ್ಣೆ ಮೋಸ ಮಾಡುತ್ತದೆ.

ಕುಡಿದಾದ ಮೇಲೂ ಮರಿ ಅರಚುತ್ತದೆ. ಅದು ಹಸಿವು ಎಂದುಕೊಂಡು ಇನ್ನೊಂದು ಬಾಟಲಿ ಹಿಡಿಯುವುದೇ ಹೆಚ್ಚಿನವರು ಮಾಡುವ ತಪ್ಪು. ನಿಂತ ಮರಿಯನ್ನು ಮೇಲಿನಿಂದ ನೋಡಿ: ಪಕ್ಕೆಗಳು ಸೊಂಟದ ಮೂಳೆಗೆ ಸಮವಾಗಿ ನೇರ ಗೆರೆಯಂತಿದ್ದರೆ ಹೊಟ್ಟೆ ತುಂಬಿದೆ, ಒಳಕ್ಕೆ ಹೋಗಿದ್ದರೆ ಸಾಲದು, ಹೊರಕ್ಕೆ ಉಬ್ಬಿದ್ದರೆ ಹೆಚ್ಚಾಗಿದೆ. ಅಪರೂಪಕ್ಕೆ ಒಂದು ಸಲ ಹೊಟ್ಟೆ ಬಿರಿಯುವಷ್ಟು ಬೆಚ್ಚಗಿನ ಹಾಲು ಕುಡಿದ ಮರಿಯ ನಾಲ್ಕನೇ ಹೊಟ್ಟೆಯಲ್ಲಿ (ಕುರಿಯ ಹೊಟ್ಟೆಗೆ ನಾಲ್ಕು ಕೋಣೆ, ಹಾಲು ಸೇರಬೇಕಾದದ್ದು ಕೊನೆಯದಕ್ಕೆ) ಹಾಲು ಹುಳಿತು ಗಾಳಿ ತುಂಬುತ್ತದೆ. ಕುಡಿದು ಒಂದು ಗಂಟೆಯಲ್ಲಿ ಹೊಟ್ಟೆ ತಮಟೆಯಂತೆ ಬಿಗಿಯುತ್ತದೆ, ಎಷ್ಟೋ ಮರಿಗಳು ವೈದ್ಯರು ಬರುವಷ್ಟರಲ್ಲಿ ಮುಗಿದಿರುತ್ತವೆ. ಸ್ವಲ್ಪ ಸ್ವಲ್ಪ, ಸರಿಯಾದ ಹೊತ್ತಿಗೆ, ತೊಳೆದ ಬಾಟಲಿಯಲ್ಲಿ ಕೊಡುವುದೊಂದೇ ಇದಕ್ಕೆ ತಡೆ.

ನಿಪ್ಪಲಿನ ತೂತು ಪರೀಕ್ಷಿಸಲು ಬಾಟಲಿ ತಲೆಕೆಳಗೆ ಮಾಡಿ. ತೊಟ್ಟು ತೊಟ್ಟಾಗಿ ಬೀಳಬೇಕು, ಧಾರೆ ಹರಿದರೆ ಎಸೆದುಬಿಡಿ. ಮಗುವನ್ನು ಮಲಗಿಸಿದಂತೆ ತೊಡೆಯ ಮೇಲೆ ಅಂಗಾತ ಮಲಗಿಸಿ ಕುಡಿಸುವ ಚಿತ್ರಗಳು ಚೆಂದ, ಕ್ರಮ ಮಾತ್ರ ತಪ್ಪು. ಮರಿ ನಾಲ್ಕು ಕಾಲಲ್ಲಿ ನಿಂತು, ಕೊರಳು ಮುಂದಕ್ಕೂ ತುಸು ಮೇಲಕ್ಕೂ ಚಾಚಿ ಚೀಪಿದಾಗ ಅನ್ನನಾಳದ ಕೆಳಗಿನ ಮಡಿಕೆಯೊಂದು ಕೊಳವೆಯಂತೆ ಮುಚ್ಚಿಕೊಂಡು ಹಾಲನ್ನು ನೇರ ನಾಲ್ಕನೇ ಹೊಟ್ಟೆಗೆ ಸಾಗಿಸುತ್ತದೆ. ಹಾಲು ದಾರಿ ತಪ್ಪಿ ಇನ್ನೂ ಬೆಳೆಯದ ಮೆಲುಕು ಹೊಟ್ಟೆಗೆ ಬಿದ್ದರೆ ಅಲ್ಲೇ ಕೊಳೆಯುತ್ತದೆ.

ಈಗ ಮಂಡಿಯ ವಿಚಾರ. ತಾಯಿಯ ಹಾಲು ಇಳಿಯಲಿ ಎಂದು ಮರಿ ಕೆಚ್ಚಲಿಗೆ ಗುದ್ದುತ್ತದೆ. ಅದು ಹುಟ್ಟಿನಿಂದ ಬಂದ ಗುಣ. ನೀವು ಬಾಟಲಿಯನ್ನು ಎರಡು ಮಂಡಿಗಳ ನಡುವೆ ಹಿಡಿದರೆ ಅದಕ್ಕೆ ನಿಮ್ಮ ಮಂಡಿಯೇ ಕೆಚ್ಚಲು. ನಾಲ್ಕು ಕೆಜಿ ಮರಿ ಗುದ್ದಿದಾಗ ನಗು ಬರುತ್ತದೆ. ಅದೇ ಅಭ್ಯಾಸ ಐವತ್ತು ಕೆಜಿ ಆದ ಮೇಲೆ, ನೀವು ಬೆನ್ನು ಹಾಕಿ ನಿಂತಾಗ, ಮಂಡಿಯ ಹಿಂಭಾಗಕ್ಕೆ ಬಂದರೆ ನೆಲ ಸೇರುವುದು ಖಚಿತ. ಅದಕ್ಕೇ ನಾನು ಮೂರನೇ ದಿನದಿಂದ ಕೈಯಲ್ಲಿ ಬಾಟಲಿ ಹಿಡಿಯುವುದಿಲ್ಲ. ಹಲಗೆಯೊಂದಕ್ಕೆ ಬಾಟಲಿಯ ಕತ್ತು ಹಿಡಿಸುವಷ್ಟು ತೂತು ಕೊರೆದು, ಮರಿಯ ಭುಜಕ್ಕಿಂತ ತುಸು ಎತ್ತರಕ್ಕೆ ಗೋಡೆಗೋ ಬೇಲಿಗೋ ಬಿಗಿದು, ಬಾಟಲಿಯ ಬುಡ ಮೇಲೆ ಇರುವಂತೆ ಓರೆಯಾಗಿ ಸಿಕ್ಕಿಸುತ್ತೇನೆ. ಮರಿ ಬೆಳೆದಂತೆ ಹಲಗೆ ಮೇಲೇರುತ್ತದೆ. ಹಾಲು ಹಲಗೆಯಿಂದ ಬರುತ್ತದೆ, ಪ್ರೀತಿ ನಮ್ಮಿಂದ ಬರುತ್ತದೆ: ಮರಿಯ ತಲೆಯಲ್ಲಿ ಇವೆರಡು ಬೇರೆ ಬೇರೆ ಇದ್ದಷ್ಟೂ ಮುಂದೆ ನಿಮ್ಮ ಕಾಲು ಕ್ಷೇಮ. ಹೊತ್ತು ಗಡಿಯಾರದ ಪ್ರಕಾರ ಇರಲಿ. ಅರಚಿದಾಗಲೆಲ್ಲ ಹಾಲು ಸಿಕ್ಕರೆ ಅರಚುವುದೇ ಹಾಲಿನ ಗಂಟೆ ಎಂದು ಎರಡೇ ದಿನದಲ್ಲಿ ಕಲಿಯುತ್ತದೆ. ಬಿಡಿಸಲು ಎರಡು ತಿಂಗಳು ಬೇಕು.

ಗಂಡು ಮರಿಯಾದರೆ ಇನ್ನೂ ಒಂದು ನಿಯಮ, ಇದರಲ್ಲಿ ರಿಯಾಯಿತಿ ಇಲ್ಲ: ಹಣೆ ಮುಟ್ಟಬಾರದು. ಹಣೆ ಉಜ್ಜುವುದು, ಅಂಗೈ ಒಡ್ಡಿ ತಳ್ಳಾಟ ಆಡುವುದು, ಮಕ್ಕಳು ತಲೆಗೆ ತಲೆ ತಾಗಿಸುವುದು ಯಾವುದೂ ಬೇಡ. ಕುರಿಯ ಲೆಕ್ಕದಲ್ಲಿ ಅದು ಮುದ್ದು ಅಲ್ಲ, ಪಂದ್ಯಕ್ಕೆ ಆಹ್ವಾನ. ಮುದ್ದು ಮಾಡಲು ಗದ್ದದ ಕೆಳಗೆ, ಎದೆಯ ಮುಂದೆ, ಭುಜದ ಮೇಲೆ ಕೆರೆಯಿರಿ. ಕಣ್ಣು ಅರೆಮುಚ್ಚಿ ಬಾಲ ಅಲ್ಲಾಡಿಸಿದರೆ ಜಾಗ ಸಿಕ್ಕಿತು ಎಂದರ್ಥ. ಹಿಂಡಿನ ಟಗರಿಗೆ ಮನುಷ್ಯರ ಅಂಜಿಕೆ ಇರುತ್ತದೆ. ಕೈಯಲ್ಲಿ ಬೆಳೆದ ಟಗರು ನಿಮ್ಮನ್ನು ಇನ್ನೊಂದು ಟಗರು ಎಂದೇ ಎಣಿಸುತ್ತದೆ. ಆದ್ದರಿಂದಲೇ ಸಾಕಿದ ಟಗರು ಎಲ್ಲಕ್ಕಿಂತ ಅಪಾಯಕಾರಿ, ಮುದ್ದಿನ ಗಂಡು ಮರಿಯ ಬೀಜ ಒಡೆಸಲೇಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಆದರೆ ತೀರಾ ಎಳವೆಯಲ್ಲೇ ಮಾಡಿಸಿದರೆ ಮೂತ್ರನಾಳ ಕಿರಿದಾಗಿಯೇ ಉಳಿದು ಮುಂದೆ ಕಲ್ಲು ಸಿಕ್ಕಿಕೊಳ್ಳುವ ಸಂಭವ ಹೆಚ್ಚು. ಹತ್ತು ಹನ್ನೆರಡು ವರ್ಷ ಬದುಕಬೇಕಾದ ಪ್ರಾಣಿಗೆ ಮೂರು ತಿಂಗಳು ಕಾದು, ಅರಿವಳಿಕೆ ಕೊಟ್ಟು ಪಶುವೈದ್ಯರಿಂದಲೇ ಮಾಡಿಸುವುದು ಮೇಲು. ನಾಲ್ಕು ತಿಂಗಳಿಗೇ ಕೆಲವು ಗಂಡು ಮರಿಗಳು ಗಬ್ಬ ಕಟ್ಟಿಸುವಷ್ಟು ಬೆಳೆಯುತ್ತವೆ, ಅಷ್ಟರೊಳಗೆ ಹೆಣ್ಣುಕುರಿಗಳಿಂದ ಬೇರೆ ಮಾಡಿ.

ಹಾಯಲು ಬರುವ ಮುನ್ನ ಕುರಿ ಸೂಚನೆ ಕೊಟ್ಟೇ ಕೊಡುತ್ತದೆ: ಗದ್ದ ಎದೆಗೆ ಒತ್ತಿ, ನೆಲ ಕೆರೆದು, ಕಣ್ಣು ನಿಮ್ಮ ಮೇಲಿಂದ ತೆಗೆಯದೆ ಮೂರು ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗುತ್ತದೆ. ಹಿಂದೆ ಸರಿದದ್ದು ಹೆದರಿ ಅಲ್ಲ, ಓಟಕ್ಕೆ ಜಾಗ ಮಾಡಿಕೊಳ್ಳಲು. ಆಗ ಬೆನ್ನು ತಿರುಗಿಸಬೇಡಿ, ನೇರ ಹಿಂದಕ್ಕೂ ಓಡಬೇಡಿ, ಪಕ್ಕಕ್ಕೆ ಸರಿಯಿರಿ. ಹತ್ತಿರ ಬಂದರೆ ಗದ್ದದ ಕೆಳಗೆ ಕೈ ಹಾಕಿ ತಲೆ ಎತ್ತಿ ಹಿಡಿಯಿರಿ. ತಲೆ ಮೇಲಿದ್ದಾಗ ಅದು ನುಗ್ಗಲಾರದು, ಕೆಳಗಿದ್ದಾಗ ನಿಮ್ಮಿಂದ ತಡೆಯಲಾಗದು. ಹೊಡೆದರೆ ಜಗಳ ಮುಗಿಯುವುದಿಲ್ಲ, ಎರಡನೇ ಸುತ್ತು ಶುರುವಾಗುತ್ತದೆ.

ಒಂಟಿ ಮರಿ ಸಾಕಬೇಡಿ. ಕುರಿಗೆ ಕುರಿ ಬೇಕು, ನಾಯಿಯೂ ಮನುಷ್ಯರೂ ಆ ಜಾಗ ತುಂಬಲಾರರು. ಎರಡು ಮರಿ ಒಟ್ಟಿಗೆ ಬೆಳೆದರೆ ಅರಚುವುದು ಅರ್ಧಕ್ಕಿಳಿಯುತ್ತದೆ, ಮೇಯುವುದನ್ನು ಒಂದರಿಂದೊಂದು ಕಲಿಯುತ್ತದೆ. ಮುಖ ಗುರುತಿಡುವುದರಲ್ಲಿ ಕುರಿ ಎಷ್ಟು ಗಟ್ಟಿ ಎಂದರೆ, ಕೇಂಬ್ರಿಜ್ ಬಳಿಯ ಬಾಬ್ರಹಾಂ ಸಂಸ್ಥೆಯ ವಿಜ್ಞಾನಿಗಳು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕುರಿಗಳು 50 ಬೇರೆ ಕುರಿಗಳ ಮುಖಗಳನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ನೆನಪಿಟ್ಟುಕೊಂಡಿದ್ದವು. ಮನುಷ್ಯರ ಮುಖವನ್ನೂ ಮರೆಯುವುದಿಲ್ಲ. ಒಂದು ಸಲ ಜೇಬಿನಿಂದ ಬಿಸ್ಕತ್ತು ಕೊಟ್ಟ ಅತಿಥಿಯ ಜೇಬನ್ನು ಮುಂದಿನ ಭೇಟಿಯಲ್ಲಿ ಅದು ತಾನೇ ತಪಾಸಣೆ ಮಾಡುತ್ತದೆ. ತಿಂಡಿ ಕೊಡುವುದಿದ್ದರೆ ಗೋದಲಿಯಲ್ಲೋ ತಟ್ಟೆಯಲ್ಲೋ ಹಾಕಿ, ಕೈಯಿಂದ ಬೇಡ ಎಂದು ಬಂದವರಿಗೆಲ್ಲ ಹೇಳಿ.

ಒಂದು ವಾರದ ಮರಿಯ ಮುಂದೆಯೇ ಒಣಹುಲ್ಲು, ಮರಿಗಳ ದಾಣಿ, ಶುದ್ಧ ನೀರು ಇಡುತ್ತೇನೆ. ಮೂರು ದಿನ ಸತತವಾಗಿ ದಿನಕ್ಕೆ 250 ಗ್ರಾಂ ದಾಣಿ ತಿಂದು, ಹುಟ್ಟಿದಾಗಿನ ತೂಕದ ಮೂರು ಪಟ್ಟು ಆಗಿದ್ದರೆ ಆರರಿಂದ ಎಂಟನೇ ವಾರದಲ್ಲಿ ಹಾಲು ಬಿಡಿಸಬಹುದು. ಅಲ್ಲಿಂದ ಮುಂದೆ ಹೊಟ್ಟೆಯ ಆಧಾರ ಹುಲ್ಲು, ದಾಣಿ ಚಿಟಿಕೆ. ಬೀಜ ಒಡೆಸಿದ ಗಂಡಿಗಂತೂ ಕಾಳು ಹೆಚ್ಚಾದರೆ ರಂಜಕ ಹೆಚ್ಚಾಗಿ ಮೂತ್ರದಲ್ಲಿ ಕಲ್ಲು ಕಟ್ಟುತ್ತದೆ. ಆಹಾರದಲ್ಲಿ ಸುಣ್ಣದ ಅಂಶ ರಂಜಕದ ಎರಡರಷ್ಟು ಇರಬೇಕು, ನೀರು ಸದಾ ಸಿಗಬೇಕು. ಬೆನ್ನು ಬಾಗಿಸಿ ತಿಣುಕುವುದು, ಹನಿ ಹನಿ ಉಚ್ಚೆ, ಬಾಲದ ಅಲ್ಲಾಟ, ಹೊಟ್ಟೆ ಒದ್ದುಕೊಳ್ಳುವುದು ಕಂಡರೆ ಮಲಬದ್ಧತೆ ಎಂದುಕೊಂಡು ಎಣ್ಣೆ ಕುಡಿಸುತ್ತಾ ಕೂರಬೇಡಿ. ಆ ದಿನವೇ ವೈದ್ಯರು ನೋಡಬೇಕು. ಹಸುವಿನ ಖನಿಜ ಮಿಶ್ರಣ, ಕೋಳಿ ಆಹಾರ ಎರಡನ್ನೂ ದೂರ ಇಡಿ. ಅದರಲ್ಲಿರುವ ತಾಮ್ರ ಕುರಿಯ ಪಿತ್ತಜನಕಾಂಗದಲ್ಲಿ ತಿಂಗಳುಗಟ್ಟಲೆ ಸದ್ದಿಲ್ಲದೆ ಸೇರುತ್ತಾ ಹೋಗಿ, ಒಂದು ದಿನ ಒಮ್ಮೆಲೇ ರಕ್ತಕ್ಕೆ ಬಿಡುಗಡೆಯಾಗುತ್ತದೆ. ಕಣ್ಣು ಹಳದಿ, ಉಚ್ಚೆ ಕಡುಗೆಂಪು ಆಗುವ ಹೊತ್ತಿಗೆ ಉಳಿಸುವುದು ಕಷ್ಟ.

ಕರುಳುಬೇನೆ ಮತ್ತು ಧನುರ್ವಾಯು ಲಸಿಕೆ ನಾಲ್ಕರಿಂದ ಆರು ವಾರದ ಅಂತರದಲ್ಲಿ ಎರಡು ಸಲ, ಆಮೇಲೆ ವರ್ಷಕ್ಕೊಮ್ಮೆ. ಗೊರಸನ್ನು ಆರರಿಂದ ಎಂಟು ವಾರಕ್ಕೊಮ್ಮೆ ನೋಡಿ, ಅಂಚು ಮಡಚಿ ಕೆಸರು ತುಂಬಿಕೊಂಡಿದ್ದರೆ ಕತ್ತರಿಸಿ, ಗುಲಾಬಿ ಬಣ್ಣ ಕಂಡಲ್ಲಿ ನಿಲ್ಲಿಸಿ. ಬಾಯಿಯ ಸುತ್ತ ಹುಣ್ಣಿನ ಹಕ್ಕಳೆ ಕಂಡರೆ ಕೈಗವಸು ಹಾಕದೆ ಮುಟ್ಟಬೇಡಿ, ಅದು ಮನುಷ್ಯರ ಕೈಗೂ ಹತ್ತುತ್ತದೆ.

ಸಾಕಿದ ಕುರಿಯ ದೊಡ್ಡ ಅನುಕೂಲವೆಂದರೆ ಅದು ಮೈ ಮುಟ್ಟಲು ಬಿಡುತ್ತದೆ. ಇದನ್ನು ಬಳಸಿಕೊಳ್ಳಬೇಕು, ಏಕೆಂದರೆ ಕಾಯಿಲೆ ಬಚ್ಚಿಡುವುದರಲ್ಲಿ ಕುರಿಯನ್ನು ಮೀರಿಸಿದ್ದಿಲ್ಲ. ಮುದ್ದು ಮಾಡುವ ನೆಪದಲ್ಲಿ ಕೆಳಗಣ್ಣಿನ ರೆಪ್ಪೆ ಇಳಿಸಿ ಒಳಬಣ್ಣ ನೋಡಿ. ಕೆಂಪಿದ್ದರೆ ಸರಿ, ತೆಳು ಗುಲಾಬಿಯಿಂದ ಬಿಳಿಗೆ ತಿರುಗಿದರೆ ರಕ್ತ ಹೀರುವ ಹೊಟ್ಟೆಹುಳು ಹೆಚ್ಚಾಗಿದೆ. ಇದನ್ನೇ ಒಂದರಿಂದ ಐದರವರೆಗಿನ ಬಣ್ಣದ ಪಟ್ಟಿಯಾಗಿ ದಕ್ಷಿಣ ಆಫ್ರಿಕಾದಲ್ಲಿ ರೂಪಿಸಿದರು, ಫಮಾಚಾ ಎಂದು ಹೆಸರು. ಗದ್ದದ ಕೆಳಗೆ ಮೆತ್ತನೆ ನೀರಿನ ಚೀಲದಂಥ ಬಾವು ಬಂದಿದ್ದರೆ ಆಗಲೇ ತಡವಾಗಿದೆ. ಎಡಪಕ್ಕೆಯ ಗುಳಿಗೆ ಕಿವಿ ಒತ್ತಿ ಒಂದು ನಿಮಿಷ ಸುಮ್ಮನಿರಿ. ದೂರದಲ್ಲಿ ಗುಡುಗು ಉರುಳಿದಂತೆ ಒಂದೆರಡು ಸಲ ಕೇಳಿಸಬೇಕು. ಅದು ಮೆಲುಕು ಹೊಟ್ಟೆ ಕಲಕುವ ಸದ್ದು. ಎರಡು ನಿಮಿಷ ಏನೂ ಕೇಳಿಸದಿದ್ದರೆ ಆ ದಿನದ ಬೇರೆ ಕೆಲಸ ಬಿಟ್ಟುಬಿಡಿ. ಅಂಗಾತ ಬಿದ್ದು ಕಾಲಾಡಿಸುತ್ತಿರುವ ಕುರಿ ಕಂಡರೆ ಅದೂ ಆಟವಲ್ಲ. ಉಣ್ಣೆ ಹೆಚ್ಚಿರುವ ಅಥವಾ ಗಬ್ಬದ ಕುರಿ ತಾನಾಗಿ ಏಳಲಾರದೆ, ಗಾಳಿ ತುಂಬಿ ಕೆಲವೇ ಗಂಟೆಯಲ್ಲಿ ಸಾಯುತ್ತದೆ. ಹೊರಳಿಸಿ ನಿಲ್ಲಿಸಿ, ತೂರಾಟ ನಿಲ್ಲುವ ತನಕ ಹಿಡಿದಿರಿ.

ಮನೆಯೊಳಗೆ ಬಿಟ್ಟುಕೊಳ್ಳುವವರು ಒಂದು ಮಾತು ಒಪ್ಪಿಕೊಳ್ಳಬೇಕು: ಕುರಿಗೆ ಶೌಚದ ಶಿಸ್ತು ಪೂರ್ತಿ ಬರುವುದಿಲ್ಲ. ಹಿಕ್ಕೆ ನಡೆಯುತ್ತಾ ಉದುರುತ್ತದೆ, ಒಣಗಿದ್ದು, ಗುಡಿಸಿದರಾಯಿತು. ಉಚ್ಚೆಗೆ ಮಾತ್ರ ಒಂದು ಹೊತ್ತಿದೆ. ಮಲಗಿದ್ದ ಕುರಿ ಎದ್ದು, ಮೈ ಮುರಿದು, ಒಂದು ನಿಮಿಷದೊಳಗೆ ಹಿಂಗಾಲು ಬಗ್ಗಿಸುತ್ತದೆ. ಎದ್ದ ಕೂಡಲೇ ಹೊರಗೆ ನಡೆಸಿ, ಆಮೇಲೆ ಒಳಗೆ ಕರೆಯಿರಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ನುಣುಪು ನೆಲದಲ್ಲಿ ಕಾಲು ಅಗಲಕ್ಕೆ ಜಾರಿ ತೊಡೆಸಂದು ಉಳುಕುತ್ತದೆ, ಓಡಾಡುವ ದಾರಿಗೆ ರಬ್ಬರ್ ಹಾಸು ಹಾಕಿ.

ಕುರಿಯ ಕೈ ಅದರ ತುಟಿ. ಮೇಲ್ದುಟಿ ನಡುವೆ ಸೀಳಿದೆ, ಎರಡು ಭಾಗಗಳು ಬೇರೆ ಬೇರೆಯಾಗಿ ಆಡುತ್ತವೆ. ಗುಂಡಿ, ಜಿಪ್ಪು, ಶೂ ಲೇಸು, ಚೀಲದ ಗಂಟು ಇವೆಲ್ಲ ಆ ತುಟಿಗೆ ಹೇಳಿ ಮಾಡಿಸಿದ ಆಟಿಕೆ. ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ, ಗಟ್ಟಿ ಒಸಡು ಮಾತ್ರ, ಆದ್ದರಿಂದ ಬಟ್ಟೆಯನ್ನು ಕಡಿಯದೆ ಕಚ್ಚಿ ಎಳೆಯುತ್ತದೆ. ಗಟ್ಟಿ ವಸ್ತುವನ್ನು ಬಾಯಿಯ ಪಕ್ಕಕ್ಕೆ ಜರುಗಿಸಿ ದವಡೆಹಲ್ಲಿನಲ್ಲಿ ಅರೆಯುತ್ತದೆ. ವಿದ್ಯುತ್ ತಂತಿಯ ಸಿಪ್ಪೆ ಹೋಗುವುದು ಹಾಗೆಯೇ. ತಂತಿಗಳನ್ನು ಎದೆಯೆತ್ತರಕ್ಕಿಂತ ಮೇಲೆ ಅಥವಾ ಕೊಳವೆಯೊಳಗೆ ಸಾಗಿಸಿ. ಪ್ಲಾಸ್ಟಿಕ್ ಚೀಲ, ದಾರ, ಹಗ್ಗದ ತುಂಡು ನುಂಗಿದರೆ ಮೆಲುಕು ಹೊಟ್ಟೆಯಲ್ಲೇ ಉಂಡೆಯಾಗಿ ಕೂರುತ್ತವೆ, ಹೊರಬರುವುದಿಲ್ಲ. ಅಂಗಳದಲ್ಲಿ ಕಣಗಿಲೆ, ಲಂಟಾನ, ಔಡಲದಂಥ ವಿಷದ ಗಿಡ ಇದ್ದರೆ ಕುರಿ ತರುವ ಮುಂಚೆ ಕಿತ್ತುಹಾಕಿ. ಹಿಂಡಿನ ಕುರಿ ಅವನ್ನು ಬಿಟ್ಟು ಮೇಯುವುದನ್ನು ತಾಯಿಯಿಂದ ಕಲಿತಿರುತ್ತದೆ, ನಿಮ್ಮದಕ್ಕೆ ಕಲಿಸಿದವರಿಲ್ಲ.

ಎಲ್ಲಕ್ಕಿಂತ ದೊಡ್ಡ ತುಂಟತನ, ಜೀವ ತೆಗೆಯುವ ತುಂಟತನ, ದಾಣಿಯ ಡಬ್ಬಿ ತೆರೆಯುವುದು. ಹೊಟ್ಟೆ ತುಂಬ ಕಾಳು ತಿಂದರೆ ಮೆಲುಕು ಹೊಟ್ಟೆ ಹುಳಿಯಾಗಿ, ಅಲ್ಲಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು, ನಂಜು ಏರುತ್ತದೆ. ತಿಂದ ಕೂಡಲೇ ಕುರಿ ಬಹಳ ಖುಷಿಯಾಗಿರುತ್ತದೆ, ಮೋಸ ಇರುವುದೇ ಅಲ್ಲಿ. ಹಲ್ಲು ಕಡಿಯುವುದು, ನೀರುಭೇದಿ, ತೂರಾಟ ಕಾಣುವುದು ಎಷ್ಟೋ ಗಂಟೆಗಳ ಮೇಲೆ. ಡಬ್ಬಿಯಲ್ಲಿ ಎಷ್ಟು ಕಡಿಮೆಯಾಗಿದೆ ಎಂದು ಅಳೆದು, ಕಾಳೆಲ್ಲ ತೆಗೆದು ಬರೀ ಒಣಹುಲ್ಲು ಮುಂದಿಟ್ಟು, ಲಕ್ಷಣಕ್ಕೆ ಕಾಯದೆ ವೈದ್ಯರಿಗೆ ಆ ಅಳತೆ ಹೇಳಿ.

ಆದ್ದರಿಂದ ಚಿಲಕ. ಮೇಲಕ್ಕೆ ಎತ್ತುವ ಕೊಕ್ಕೆ ಕುರಿಯ ಮೂಗಿಗೆ ಒಂದು ದಿನದ ಪಾಠ. ಉದ್ದ ಸರಿಯುವ ಅಗುಳಿಯೂ ಸಾಲದು. ಗೇಟಿಗೆ ಮೈ ಉಜ್ಜುತ್ತಾ ಅಲ್ಲಾಡಿಸಿದರೆ ತಾನಾಗಿ ಜಾರುತ್ತದೆ. ಹಿಡಿ ಕೆಳಕ್ಕೆ ತಿರುಗಿ ಖಾನೆಯಲ್ಲಿ ಕೂರುವ ಅಗುಳಿ ತೆಗೆದುಕೊಂಡು, ಗೇಟಿನ ಹೊರಮೈಗೆ ಹಾಕಿ, ಮೇಲೆ ಸ್ಪ್ರಿಂಗ್ ಕೊಂಡಿ ಸಿಕ್ಕಿಸಿ. ಬೇಲಿ 1.2 ಮೀಟರ್ ಎತ್ತರ ಸಾಕು, ಆದರೆ ಜಾಲರಿಯ ಕಣ್ಣು ನೋಡಿ ತನ್ನಿ. 15 ಸೆಂಟಿಮೀಟರ್ ಚೌಕ ಎಂದರೆ ತಲೆ ಒಳಗೆ ಹೋಗುತ್ತದೆ, ಕೊಂಬು ಹೊರಗೆ ಬರುವುದಿಲ್ಲ. 10 ಸೆಂಟಿಮೀಟರಿಗಿಂತ ಕಡಿಮೆ ಇರಲಿ. ಗೇಟಿನ ಎರಡೂ ತಿರುಗುಣಿ ಮೊಳೆಗಳು ಮೇಲ್ಮುಖವಾಗಿದ್ದರೆ ಕುರಿ ಕೆಳಗಿನ ಸರಳಿನಡಿ ಕತ್ತು ತೂರಿಸಿ ಗೇಟನ್ನೇ ಕಳಚಿಡುತ್ತದೆ. ಮೇಲಿನ ಮೊಳೆಯನ್ನು ತಲೆಕೆಳಗೆ ಮಾಡಿ ಹೊಡೆಯಿರಿ, ಆಗ ಎತ್ತಲಾಗದು. ದಾಣಿಗೂ ಇದೇ ಎರಡು ತಡೆ: ಪಟ್ಟಿ ಬಿಗಿಯುವ ಮುಚ್ಚಳದ ಡ್ರಮ್ಮು, ಆ ಡ್ರಮ್ಮು ಬಾಗಿಲಿರುವ ಕೋಣೆಯಲ್ಲಿ. ಕೊಂಡಿ ಹಾಕಿದ ಮೇಲೆ ಒಮ್ಮೆ ಎಳೆದು ನೋಡಿ. ನೀವು ನೋಡದಿದ್ದರೆ ಕುರಿ ನೋಡುತ್ತದೆ.